ಅಳಿಸಿದ ಶ್ರೀ

“ಶಟರ್ ಪೂರ್ತಿ ಎಳೀರಿ ಕಾಂತರಾಜ್. ಬೆರಳು ತೂರೋಷ್ಟೂ ಸಂದಿ ಇರಬಾರದು.”

ಹೇಳಿದವರು ಸಬ್ ಇನ್‌ಸ್ಪೆಕ್ಟರ್ ಶಿವಕುಮಾರ್, ಎಳೆದವನು ಪ್ರೆಸ್ಸಿನ ಮಾಲೀಕ ಕಾಂತರಾಜ್. ಭದ್ರಾವತಿಯ ಆ ಪ್ರೆಸ್ಸಿನ ಶಟರು ದಿನವೂ ಸೊಂಟದ ಮಟ್ಟಕ್ಕೆ ಬಂದು ಹಟ ಹಿಡಿದು ನಿಲ್ಲುವಂಥದ್ದು. ಇವತ್ತು ಹೊರಗೆ ನಿಂತವರ ಮುಖ ನೋಡಿ ಅದಕ್ಕೂ ಬುದ್ಧಿ ಬಂತೋ ಏನೋ, ಒಂದೇ ಎಳೆತಕ್ಕೆ ನೆಲ ಕಚ್ಚಿತು. ಮಧ್ಯಾಹ್ನದ ಬಿಸಿಲು ಹೊರಗುಳಿಯಿತು. ಒಳಗೆ ಒಂದು ಟ್ಯೂಬ್‌ಲೈಟು, ಇಂಕಿನ ವಾಸನೆ, ಐದು ಜನ.

ಹೊರಗಿನಿಂದ ಯಾರೋ ಶಟರಿಗೆ ದಬದಬ ಗುದ್ದಿದರು. “ಬದುಕಿರೋರನ್ನ ಕಾರ್ಡಲ್ಲೇ ಸಾಯಿಸಿದ ಆ ಕಂಪ್ಯೂಟರ್ ಹುಡುಗೀನ ಈಚೆ ಕಳಿಸ್ರೀ!”

ಆ ಕಂಪ್ಯೂಟರ್ ಹುಡುಗಿ ತನುಜಾ, ಪೇಪರ್ ಬಂಡಲ್ಲುಗಳ ನಡುವೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಗುದ್ದು ಬಿದ್ದಾಗಲೆಲ್ಲ ಶಟರಿನ ಹಲಗೆಗಳು ಒಳಕ್ಕೆ ಉಬ್ಬುವುದನ್ನು ನೋಡುತ್ತಿದ್ದಳು. ಶಿವಮೊಗ್ಗದ ಗೋಪಾಳದಲ್ಲಿರುವ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಅವಳಿಗೆ ಕೆಲಸ. ಲಗ್ನಪತ್ರಿಕೆಯನ್ನು ಕಂಪ್ಯೂಟರಿನಲ್ಲೇ ಬರೆದು, ತಿದ್ದಿ, ಅಚ್ಚಿಗೆ ಕಳಿಸುವ ಎಡಿಟರೊಂದನ್ನು ಅವಳು ಈ ಪ್ರೆಸ್ಸಿಗೆ ಮಾಡಿಕೊಟ್ಟಿದ್ದಳು. ಪಂಪ್‌ಸೆಟ್ ವ್ಯಾಪಾರಿ ಹಾಲಸ್ವಾಮಿ, ಮೊನ್ನೆ ಮಗಳ ಮದುವೆ ಕಾರ್ಡಿನಲ್ಲಿ ತಮ್ಮ ಹೆಸರಿನ ಮುಂದೆಯೇ ‘ಲಿಂ.’ ಎಂದು ಅಚ್ಚಾಗಿದ್ದನ್ನು ಕಂಡು, ಪ್ರೆಸ್ಸಿನವನ ಗ್ರಹಚಾರ ಬಿಡಿಸಲು ಸ್ಕೂಟರ್ ಹತ್ತಿ ಹೊರಟವರು ಪ್ರೆಸ್ಸು ತಲುಪಲಿಲ್ಲ. ಸ್ಕೂಟರು ಕಾಲುವೆ ದಂಡೆಯಲ್ಲಿ, ಚಾನಲ್ ಏರಿಯ ಮೇಲೆ ಸಿಕ್ಕಿತು, ಅವರು ಚಾನಲ್ಲಿನ ನೀರಿನಲ್ಲಿ ಸಿಕ್ಕರು.

‘ಲಿಂ.’ ಅಂದರೆ ಲಿಂಗೈಕ್ಯರಾದವರು, ತೀರಿಕೊಂಡವರು. ಕಾರ್ಡು ಹೇಳಿದ್ದನ್ನು ಸಂಜೆಯೊಳಗೆ ಹಾಲಸ್ವಾಮಿ ನಿಜ ಮಾಡಿಬಿಟ್ಟಿದ್ದರು.

ಶಿವಕುಮಾರ್ ಒಂದು ಹಾಳೆಯನ್ನು ಅವಳ ಮುಂದೆ ಸರಿಸಿದರು. “ಓದಿ, ಸೈನ್ ಹಾಕಿ.”

ತನುಜಾ ಓದಿದಳು. ಪೊಲೀಸ್ ಕನ್ನಡದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ತನ್ನಷ್ಟಕ್ಕೆ ಆಗಿರುತ್ತದೆ. ಸದರಿ ಆಹ್ವಾನ ಪತ್ರಿಕೆಯಲ್ಲಿ ಸದರಿ ಪದವು ತಂತ್ರಾಂಶದ ದೋಷದಿಂದ ಅಚ್ಚಾಗಿರುತ್ತದೆ. ಸದರಿ ಮೃತರು ಅದರಿಂದ ಆಘಾತಗೊಂಡು, ತಲೆಸುತ್ತು ಬಂದು, ಚಾನಲ್ಲಿಗೆ ಬಿದ್ದಿರುತ್ತಾರೆ. ಸದರಿ ತಂತ್ರಾಂಶವನ್ನು ತಯಾರಿಸಿದವಳು ನಾನೇ ಆಗಿರುತ್ತೇನೆ.

“ಇದಕ್ಕೆ ಸೈನ್ ಹಾಕಿದ್ರೆ?”

“ನಿರ್ಲಕ್ಷ್ಯ ಅಂತ ಕೇಸಾಗುತ್ತೆ. ಸ್ಟೇಷನ್ನಿಗೆ ಬರ್ತೀರಿ, ಬೇಲ್ ತಗೋತೀರಿ, ಮನೆಗೆ ಹೋಗ್ತೀರಿ.”

“ಹಾಕ್ದೆ ಇದ್ರೆ?”

“ಆಗ ತಪ್ಪಿನಿಂದ ಆಗಿಲ್ಲ, ಬೇಕಂತ್ಲೇ ಯಾರೋ ಮಾಡಿದಾರೆ ಅಂತಾಯ್ತು. ಆ ಯಾರೋ ಯಾರು ಅಂತ ನಾನು ಹುಡುಕ್ಬೇಕಾಗುತ್ತೆ. ಹುಡುಕೋಕೆ ಹೊರಟೋನಿಗೆ ಮೊದಲು ಸಿಗೋರು ನೀವೇ ಮೇಡಂ.” ಶಿವಕುಮಾರ್ ಅದನ್ನು ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದರು. “ಎರಡು ದಾರಿ. ಎರಡೂ ಸ್ಟೇಷನ್ ಕಡೆಗೇ ಹೋಗೋದು. ಒಂದು ಹತ್ತಿರ, ಇನ್ನೊಂದು ದೂರ.”

“ಹಾಕ್ಬಿಡು ಮಾರಾಯ್ತಿ,” ಎಂದರು ಗುರುಪ್ರಸಾದ್.

ಅವರು ತನುಜಾಳ ಬಾಸು. ಗೋಪಾಳದ ಆಫೀಸು ಅವರದು, ಅದರ ಎರಡು ಕುರ್ಚಿಗಳಲ್ಲಿ ಒಂದು ಅವರದು, ಇನ್ನೊಂದು ಇವಳದು. ಸುದ್ದಿ ತಿಳಿದೊಡನೆ ಕಾರು ಹತ್ತಿ ಭದ್ರಾವತಿಗೆ ಬಂದಿದ್ದರು. ಬಂದಾಗಿನಿಂದ ಈ ಮಾತನ್ನು ಬೇರೆ ಬೇರೆ ರಾಗದಲ್ಲಿ ಹೇಳುತ್ತಿದ್ದರು. “ಬಗ್ ಅಂದ್ರೆ ಬಗ್ ಅಷ್ಟೆ. ಯಾರ ಸಾಫ್ಟ್‌ವೇರಲ್ಲಿ ಇಲ್ಲ ಹೇಳು? ಲಾಯರ್ ಹತ್ರ ನಾನು ಮಾತಾಡ್ತೀನಿ. ಕಂಪನಿ ನಿನ್ ಜೊತೆ ಇರುತ್ತೆ.”

ಕಂಪನಿ ಎಂದರೆ ಇವರಿಬ್ಬರೇ ಆದ್ದರಿಂದ, ಜೈಲಿಗೂ ಜೊತೆಯಲ್ಲೇ ಬರುತ್ತಾರೋ ಎಂದು ಕೇಳುವ ಮಾತು ತನುಜಾಳ ನಾಲಿಗೆಯ ತುದಿಗೆ ಬಂದು ನಿಂತಿತು.

“ತಪ್ಪು ನನ್ನದೇ ಆಗಿದ್ರೆ ಹಾಕ್ತೀನಿ ಸಾರ್. ಆದ್ರೆ ನನ್ನದೇ ಅಂತ ನಾನು ಕಣ್ಣಾರೆ ನೋಡ್ಬೇಕು. ಫೈಲ್ ಒಂದ್ಸಲ ತೆಗೀತೀನಿ.”

“ನೋಡ್ಲಿ ಬಿಡಿ ಸಾರ್,” ಎಂದ ಮೂಲೆಯಲ್ಲಿ ನಿಂತಿದ್ದ ಮಲ್ಲಿಕ್. ಹಾಲಸ್ವಾಮಿಯ ತಮ್ಮನ ಮಗ; ಮನೆಯ ಕಡೆಯಿಂದ ಒಬ್ಬನೇ ಬರಬೇಕೆಂದು ಶಿವಕುಮಾರ್ ಹಟ ಹಿಡಿದಿದ್ದರಿಂದ ಒಳಗೆ ಬಂದಿದ್ದ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಒಣಗಿರಲಿಲ್ಲ. “ನೋಡಿಯೇ ಸೈನ್ ಹಾಕ್ಲಿ. ನಮ್ಮ ದೊಡ್ಡಪ್ಪ ನೋಡಿದ್ರಲ್ಲ, ಅದೇ ಥರ.”

ತನುಜಾ ಪ್ರೆಸ್ಸಿನ ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಒಂದು ಕಿಟಕಿಯಲ್ಲಿ ಹಾಲಸ್ವಾಮಿಯ ಮಗಳು ಸುಮನಾಳ ಮದುವೆ ಕಾರ್ಡು ತೆರೆದುಕೊಂಡಿತು: ಮೇಲೆ ಅಜ್ಜ, ‘ಲಿಂ. ಚನ್ನವೀರಪ್ಪ’, ಅದರ ಕೆಳಗೆ ಹಾಲಸ್ವಾಮಿ, ಅದರ ಕೆಳಗೆ ಅವರ ಹೆಂಡತಿ, ‘ಶ್ರೀಮತಿ ಬಸವರಾಜೇಶ್ವರಿ’.

“ಹೆಸರಿನ ಹಿಂದೆ ಮುಂದೆ ಹಾಕೋ ಈ ಶ್ರೀ, ಲಿಂ. ಎಲ್ಲ ನಿಮ್ಮ ಮಿಷನ್ನೇ ಹಾಕುತ್ತಾ?” ಎಂದು ಶಿವಕುಮಾರ್ ಕೇಳಿದರು.

ಉತ್ತರ ಕೊಟ್ಟವನು ಕಾಂತರಾಜ್. “ನಾನೇ ಹೇಳಿ ಮಾಡ್ಸಿದ್ದು ಸಾರ್. ಸುಖಾಗಮನ ಬಯಸುವವರು ಅಂತ ಕೊನೇಲಿ ಹಾಕ್ತಾರಲ್ಲ, ಕೆಲವು ಮನೇಲಿ ಒಂದು ಬಸ್ಸಿಗಾಗೋಷ್ಟು ಜನ. ಎಲ್ಲರಿಗೂ ಶ್ರೀ, ಶ್ರೀ ಅಂತ ಕುಟ್ಟಿ ಕುಟ್ಟಿ ನನ್ನ ಬೆರಳೇ ಹಿಡ್ಕೊಂಡಿತ್ತು. ಅದಕ್ಕೆ, ಮುಂದೆ ಏನೂ ಹಾಕಿಲ್ಲ ಅಂದ್ರೆ ಮೇಲಿನ ಸಾಲಲ್ಲಿ ಏನಿದೆಯೋ ಅದನ್ನೇ ಕೆಳಗೂ ಎಳ್ಕೊಳ್ಳೋ ಹಾಗೆ ಮಾಡಿ ಮೇಡಂ ಅಂದೆ.”

“ಮೇಲಿನ ಸಾಲಲ್ಲಿ ಸತ್ತೋರಿದ್ರೆ?”

“ಸತ್ತೋರು ಮೇಲೇ ಇರೋದಲ್ವ ಸಾರ್. ಕಾರ್ಡಲ್ಲೂ.”

ಶಿವಕುಮಾರ್ ಅವನನ್ನು ಒಂದು ಗಳಿಗೆ ದಿಟ್ಟಿಸಿದರು. ಅವನು ತಮಾಷೆ ಮಾಡಿರಲಿಲ್ಲ.

“ಅಲ್ಲಿಗೆ ಮುಗೀತಲ್ಲ,” ಎಂದರು ಗುರುಪ್ರಸಾದ್. “ಹಾಲಸ್ವಾಮಿಯವರ ಹೆಸರಿನ ಮುಂದೆ ಶ್ರೀ ಹಾಕೋದು ಮರೆತಿದಾರೆ. ಮೇಲಿದ್ದ ಲಿಂ. ಕೆಳಗೆ ಇಳಿದಿದೆ. ಸಿಂಪಲ್.”

“ಮರೆಯೋಕೆ ನಾನೇನು ನಿನ್ನೆ ಹುಟ್ಟಿದೋನಾ?” ಕಾಂತರಾಜ್ ಸಿಡಿದ. “ಯಜಮಾನರ ಹೆಸರಿಗೆ ನಾನೇ ಶ್ರೀ ಹಾಕಿದೀನಿ. ಪ್ರೂಫ್ ಕಳಿಸಿದೀನಿ. ಅವರೇ ಫೋನಲ್ಲಿ ನೋಡಿ, ಸರಿ ಇದೆ ಹೊಡೀರಿ ಅಂದಿದಾರೆ.”

“ನಮ್ಮ ದೊಡ್ಡಪ್ಪ ಒಂದು ಕೊಂಬು ಬಿಟ್ಟಿದ್ರೂ ವಾಪಸ್ ಕಳಿಸೋರು,” ಎಂದ ಮಲ್ಲಿಕ್. “ಲಿಂ. ನೋಡಿ ಸರಿ ಇದೆ ಅಂತಾರಾ?”

“ಆ ಪ್ರೂಫ್ ಎಲ್ಲಿ?” ಎಂದರು ಶಿವಕುಮಾರ್.

“ಅದು ಲಿಂಕ್ ಸಾರ್.” ಕಾಂತರಾಜನ ಸ್ವರ ಇಳಿಯಿತು. “ಯಾವಾಗ ತೆಗೆದ್ರೂ ಆ ಹೊತ್ತಿಗೆ ಏನಿರುತ್ತೋ ಅದನ್ನೇ ತೋರ್ಸುತ್ತೆ.”

“ಅಂದ್ರೆ ಅವರು ಅವತ್ತು ಏನು ನೋಡಿದ್ರು ಅನ್ನೋದಕ್ಕೆ ಸಾಕ್ಷಿ ಅವರೊಬ್ರೇ. ಚೆನ್ನಾಗಿದೆ.”

ತನುಜಾ ಇನ್ನೊಂದು ಕಿಟಕಿ ತೆರೆದಳು. ಕಾರ್ಡಿನ ಮೇಲೆ ಕಾಣುವುದು ಮೈ. ಅದರ ಎಲುಬುಗೂಡು ಇಲ್ಲಿರುತ್ತದೆ. ಎಡಿಟರು ಪ್ರತಿಯೊಂದು ಸಾಲನ್ನೂ ಒಂದು ತುಂಡಾಗಿ ಇಡುತ್ತಿತ್ತು. ತುಂಡಿನೊಳಗೆ ನಾಲ್ಕು ಖಾನೆ: ಹೆಸರಿನ ಮುಂದೆ ಏನಿದೆ, ಹೆಸರೇನು, ಮುಂದಿನದು ಬದಲಾಗಿದ್ದರೆ ಮೊದಲು ಏನೇನಿತ್ತು, ಕೊನೆಗೆ ತಿದ್ದಿದವರು ಯಾರು. ಅದನ್ನೆಲ್ಲ ಓದಿ ತೋರಿಸುವ ಚಿಕ್ಕ ಪ್ರೋಗ್ರಾಂ ಒಂದನ್ನು ಅವಳೇ ಬರೆದಿದ್ದಳು.

ಪ್ರೋಗ್ರಾಂ ಚನ್ನವೀರಪ್ಪನ ತುಂಡನ್ನು ಓದಿತು. ಹಾಲಸ್ವಾಮಿಯ ತುಂಡಿಗೆ ಕೈ ಹಾಕಿತು. ಪರದೆ ತುಂಬ ಕೆಂಪು ಅಕ್ಷರ ಕಕ್ಕಿ ಅಲ್ಲೇ ಮಲಗಿತು.

“ಇದು ನೋಡಿ ಸಾರ್, ಇದೇ ನಮ್ಮ ಗೋಳು,” ಎಂದ ಕಾಂತರಾಜ್, ಗೆದ್ದವನಂತೆ.

ತನುಜಾ ಕೆಂಪು ಅಕ್ಷರಗಳ ಕೊನೆಯ ಸಾಲು ಓದಿದಳು. ಪ್ರೋಗ್ರಾಂ ಬಿದ್ದದ್ದು ‘ತಿದ್ದಿದವರು ಯಾರು’ ಎಂಬ ಖಾನೆಯಲ್ಲಿ. ಅಲ್ಲಿ ಯಾವಾಗಲೂ ಒಂದು ಹೆಸರು ಇದ್ದೇ ಇರುತ್ತದೆಂದು ನಂಬಿ ಬರೆದಿದ್ದಳು. ಇಲ್ಲಿ ಹೆಸರಿರಲಿಲ್ಲ. ಇಲ್ಲದ ಹೆಸರನ್ನು ಓದಲು ಹೋಗಿ, ಮೆಟ್ಟಿಲಿದೆ ಎಂದು ಕತ್ತಲಲ್ಲಿ ಕಾಲಿಟ್ಟವರಂತೆ ಅದು ಮುಗ್ಗರಿಸಿತ್ತು.

ಆ ವಿಷಯವನ್ನು ಬಾಯಿ ಬಿಡದೆ ಅವಳು ಒಂದು ಸಾಲು ಸೇರಿಸಿದಳು: ಇದ್ದರೆ ಓದು, ಇಲ್ಲದಿದ್ದರೆ ಇಲ್ಲವೆನ್ನು, ಮುಂದೆ ನಡೆ. ಮೊದಲೇ ಬರೆಯಬೇಕಾಗಿದ್ದ ಸಾಲು. ಈ ಸಲ ತುಂಡು ಪೂರ್ತಿ ತೆರೆಯಿತು.

ಮುಂದೆ ಏನಿದೆ: ಎರಡು ಉದ್ಧರಣ ಚಿಹ್ನೆ, ನಡುವೆ ಏನೂ ಇಲ್ಲ.

“ಖಾಲಿ,” ಎಂದರು ಶಿವಕುಮಾರ್, ಅವಳ ಭುಜದ ಮೇಲಿಂದ ಬಗ್ಗಿ. “ನಿಮ್ಮ ಬಾಸ್ ಹೇಳಿದ್ದೂ ಅದನ್ನೇ.”

“ಇಲ್ಲ ಸಾರ್. ಖಾಲಿ ಬೇರೆ, ಇಲ್ಲ ಅನ್ನೋದು ಬೇರೆ.” ಅವಳು ಇನ್ನೊಂದು ತುಂಡು ತೋರಿಸಿದಳು. ಸುಖಾಗಮನ ಬಯಸುವವರ ನಡುವಿನ ಒಂದು ಹೆಸರು. ಅದರ ಮುಂದಿನ ಖಾನೆಯಲ್ಲಿ ಇಂಗ್ಲಿಷಿನಲ್ಲಿ ‘ನಲ್’ ಎಂದಿತ್ತು.

“ನಲ್ ಯಾರು?”

“ಯಾರೂ ಅಲ್ಲ ಸಾರ್. ಯಾರೂ ಏನನ್ನೂ ಹಾಕೇ ಇಲ್ಲ ಅಂದ್ರೆ ಹಾಗೆ ಬರುತ್ತೆ.”

“ನಾನು ಮೊದಲು ನೋಡ್ದಾಗ ನಲ್ಲ ಅನ್ಕೊಂಡಿದ್ದೆ,” ಎಂದ ಕಾಂತರಾಜ್. “ಹುಡುಗಿ ಕಡೆಯವರು ಯಾರೋ ಪ್ರೀತಿಯಿಂದ ಬರ್ದಿದಾರೆ ಅಂತ.”

ಶಟರಿಗೆ ಮತ್ತೊಂದು ಗುದ್ದು ಬಿತ್ತು.

“ಮದುವೆ ಊಟಕ್ಕೆ ಕೂತಿದೀರಿ ಅನ್ಕೊಳ್ಳಿ,” ಎಂದಳು ತನುಜಾ. “ನಿಮ್ಮ ಮುಂದೆ ಎಲೆನೇ ಹಾಕಿಲ್ಲ. ಅದು ನಲ್. ಪಕ್ಕದೋರ ಮುಂದೆ ಎಲೆ ಇದೆ, ಎಲೇಲಿ ಏನೂ ಇಲ್ಲ. ಅದು ಖಾಲಿ. ಎರಡು ಕಡೆನೂ ಅನ್ನ ಇಲ್ಲ ನಿಜ. ಆದ್ರೆ ಖಾಲಿ ಎಲೆ ಮುಂದೆ ಕೂತೋರು ಉಂಡಿದಾರೆ.”

ಶಿವಕುಮಾರ್ ನೆಟ್ಟಗಾದರು. “ಅಂದ್ರೆ ಇಲ್ಲಿ ಏನೋ ಇತ್ತು.”

“ಇತ್ತು. ಅಳಿಸಿದಾರೆ.”

“ನಾನು ಹೇಳ್ಲಿಲ್ವ? ಶ್ರೀ ಹಾಕಿದ್ದೆ!” ಕಾಂತರಾಜನ ಮುಖ ಟ್ಯೂಬ್‌ಲೈಟಿಗಿಂತ ಹೆಚ್ಚು ಬೆಳಗಿತು.

“ಬರೀ ಖಾಲಿಯಾದ್ರೆ ಖಾಲಿಯಾಗೇ ಅಚ್ಚಾಗ್ಬೇಕಿತ್ತಲ್ಲ ಮೇಡಂ,” ಎಂದರು ಶಿವಕುಮಾರ್. “ಲಿಂ. ಎಲ್ಲಿಂದ ಬಂತು?”

ಇದನ್ನು ಹೇಳದೆ ವಿಧಿಯಿರಲಿಲ್ಲ. “ಅದು ನನ್ನ ತಪ್ಪು ಸಾರ್. ಅಚ್ಚಿಗೆ ಕಳಿಸೋ ಕಡೆ ನಾನು ಏನಾದ್ರೂ ಇದೆಯಾ ಅಂತ ಮಾತ್ರ ಕೇಳಿದೀನಿ. ಹಾಕೇ ಇಲ್ಲವೋ, ಹಾಕಿ ಅಳಿಸಿದಾರೋ ಅಂತ ಕೇಳಿಲ್ಲ. ಹಾಗಾಗಿ ಎರಡಕ್ಕೂ ಮೇಲಿನ ಸಾಲಿಂದ ಎಳ್ಕೊಳ್ಳುತ್ತೆ.”

“ಅದನ್ನೇ ಆವಾಗಿಂದ ಬಡ್ಕೋತಿರೋದು!” ಗುರುಪ್ರಸಾದ್ ಪೆನ್ನು ಎತ್ತಿ ಅವಳ ಕಡೆ ಚಾಚಿದರು. “ಅವಳೇ ಒಪ್ಕೊಂಡ್ಳು. ಬಗ್. ಹಾಕು ಸೈನು.”

ಶಿವಕುಮಾರ್ ಆ ಪೆನ್ನನ್ನು ನಡುದಾರಿಯಲ್ಲೇ ತೆಗೆದುಕೊಂಡು ತಮ್ಮ ಜೇಬಿಗೆ ಸಿಕ್ಕಿಸಿಕೊಂಡರು. “ಸ್ವಲ್ಪ ಇರಿ. ಮೇಡಂ, ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಲಿಂ. ಅಂತ ಯಾರೂ ಬರೀಲಿಲ್ಲ. ಶ್ರೀ ಅಳಿಸಿದ್ರು ಅಷ್ಟೆ. ಉಳಿದಿದ್ದನ್ನ ಮಿಷನ್ ಮಾಡ್ತು. ಅಂದ್ರೆ ಅಳಿಸಿದೋರಿಗೆ, ಹೀಗೆ ಅಳಿಸಿದ್ರೆ ಮಿಷನ್ ಲಿಂ. ಎಳ್ಕೊಳ್ಳುತ್ತೆ, ಬೈಗುಳ ಮಿಷನ್ನಿಗೆ ಬೀಳುತ್ತೆ ಅಂತ ಮೊದಲೇ ಗೊತ್ತಿತ್ತು.”

“ಹೂಂ.”

“ಕಾರ್ಡ್ ನೋಡಿದ ತಕ್ಷಣ ಹಾಲಸ್ವಾಮಿ ಮನೇಲಿ ಕೂರೋ ಪೈಕಿ ಅಲ್ಲ ಅಂತಾನೂ ಗೊತ್ತಿತ್ತು.”

“ಇಡೀ ಭದ್ರಾವತಿಗೆ ಗೊತ್ತು,” ಎಂದ ಮಲ್ಲಿಕ್. “ಜನ್ನಾಪುರದ ಮನೆಯಿಂದ ಇಲ್ಲಿಗೆ ಬರೋಕೆ ಅವರು ಚಾನಲ್ ಏರಿ ಬಿಟ್ಟು ಬೇರೆ ದಾರಿ ಹಿಡಿಯಲ್ಲ ಅಂತಾನೂ ಗೊತ್ತು.”

“ಅಂದ್ರೆ ಏರಿ ಮೇಲೆ ಯಾರೋ ಕಾದು ನಿಂತಿರಬಹುದು,” ಎಂದರು ಶಿವಕುಮಾರ್. ಹೊರಗಿನ ಗಲಾಟೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕೇಳಿಸಿತು.

“ಈ ಹುಳುಕು ಯಾರ್ ಯಾರಿಗೆ ಗೊತ್ತಿತ್ತು?”

“ನನಗೆ ದೇವರಾಣೆ ಗೊತ್ತಿಲ್ಲ ಸಾರ್,” ಎಂದ ಕಾಂತರಾಜ್.

“ಅವರಿಗೆ ಗೊತ್ತಿಲ್ಲ,” ಎಂದಳು ತನುಜಾ. “ಹೋದ ತಿಂಗಳು ನನಗೆ ಸಿಕ್ತು. ಗುರು ಸಾರ್‌ಗೆ ಮಾತ್ರ ಹೇಳಿದ್ದೆ. ಆಮೇಲೆ ನೋಡೋಣ ಅಂದ್ರು.”

ಗುರುಪ್ರಸಾದ್ ಶಟರಿನ ಕಡೆ ಮುಖ ತಿರುಗಿಸಿದರು.

“ಅಳಿಸಿದೋರ ಹೆಸರು ಇರುತ್ತೆ ಅಂದ್ರಲ್ಲ, ತೋರ್ಸಿ.”

ತನುಜಾ ಅದಕ್ಕೇ ಹೆದರಿದ್ದಳು. ಪರದೆಯ ಕೆಳಗಿನ ಸಾಲಿಗೆ ಬೆರಳಿಟ್ಟಳು. ತಿದ್ದಿದವರು: ನಲ್.

“ಮತ್ತೆ ಎಲೆನೇ ಹಾಕಿಲ್ವ?”

“ಇಲ್ಲಿ ಲಾಗಿನ್ ಆಗಿ ಬಂದೋರು ಯಾರೇ ತಿದ್ದಿದ್ರೂ ಹೆಸರು ಬೀಳುತ್ತೆ. ಹೆಸರು ಬೀಳದ ಹಾಗೆ ಒಳಗೆ ಬರೋಕೆ ಒಂದೇ ದಾರಿ. ರಿಪೇರಿಗೆ ಅಂತ ಒಂದು ಹಿಂಬಾಗಿಲು ಇಟ್ಟಿದೀವಿ. ಪಾಸ್‌ವರ್ಡ್ ಇದ್ರೆ ಯಾವ ಕಂಪ್ಯೂಟರಿಂದ ಬೇಕಾದ್ರೂ ಬರಬಹುದು.”

“ಪಾಸ್‌ವರ್ಡ್ ಯಾರ ಹತ್ರ ಇದೆ?”

ತಪ್ಪು ತನ್ನದಲ್ಲವೆಂದು ತೋರಿಸಲು ತಾನೇ ಅಗೆದ ಗುಂಡಿ ಈಗ ಅವಳ ಕುತ್ತಿಗೆಯ ಮಟ್ಟಕ್ಕೆ ಬಂದಿತ್ತು. ಸೈನ್ ಹಾಕಿದ್ದರೆ ನಿರ್ಲಕ್ಷ್ಯ. ಹಾಕದೆ ಅಗೆದದ್ದಕ್ಕೆ ಕೊಲೆ.

“ಇಬ್ಬರ ಹತ್ರ. ನಾನು, ಗುರು ಸಾರ್.”

ಮಲ್ಲಿಕ್ ಮೂಲೆಯಿಂದ ಎರಡು ಹೆಜ್ಜೆ ಮುಂದೆ ಬಂದ. ಶಿವಕುಮಾರ್ ತಿರುಗಿ ನೋಡದೆಯೇ ಕೈ ಅಡ್ಡ ಹಿಡಿದರು.

“ಏನ್ ಮಾರಾಯ್ತಿ ನೀನು!” ಗುರುಪ್ರಸಾದರ ಧ್ವನಿ ಬಿರಿಯಿತು. “ಬೇಲ್ ಸಿಗೋ ಕೇಸನ್ನ ಕೈಯಾರೆ ಎಲ್ಲಿಗೆ ತಂದು ನಿಲ್ಲಿಸಿದೀಯ ನೋಡು. ನಿನಗೆ ಒಳ್ಳೇದಾಗ್ಲಿ ಅಂತ ತಾನೇ ನಾನು ಹೇಳ್ತಿದ್ದದ್ದು?”

ಹಾಗೆ ಹೇಳುವಾಗ ಅವರು ಅವಳನ್ನು ನೋಡಲಿಲ್ಲ. ಅದನ್ನು ತನುಜಾ ನೋಡಿದಳು.

ಇನ್ನುಳಿದದ್ದು ಒಂದೇ ಖಾನೆ. ಮುಂದಿನದು ಬದಲಾಗಿದ್ದರೆ ಮೊದಲು ಏನೇನಿತ್ತು. ಅದನ್ನು ತೆರೆದಳು. ಮೊದಲು ‘ಶ್ರೀ’. ಅದು ಕಾಂತರಾಜ್ ಹಾಕಿದ್ದು, ಅವನ ಹೆಸರೂ ಪಕ್ಕದಲ್ಲಿತ್ತು. ಕೊನೆಗೆ ಖಾಲಿ.

ನಡುವೆ ಇನ್ನೊಂದಿತ್ತು.

“ದಿ.” ಎಂದು ಓದಿದರು ಶಿವಕುಮಾರ್. “ದಿವಂಗತ.”

“ಶ್ರೀ ತೆಗೆದು ಮೊದಲು ದಿ. ಅಂತ ಬರೆದಿದಾರೆ,” ಎಂದಳು ತನುಜಾ ನಿಧಾನವಾಗಿ. “ಆಮೇಲೆ ಮೇಲಿನ ಸಾಲು ಕಣ್ಣಿಗೆ ಬಿದ್ದಿದೆ. ಅಲ್ಲಿ ಲಿಂ. ಇದೆ. ಕೆಳಗೆ ದಿ. ಇದ್ರೆ, ಮಿಷನ್ ಎಳ್ಕೊಂಡಿದ್ದಲ್ಲ, ಕೈಯಲ್ಲಿ ಬರೆದಿದ್ದು ಅಂತ ಗೊತ್ತಾಗುತ್ತೆ. ಅದಕ್ಕೆ ಅದನ್ನೂ ಅಳಿಸಿ ಖಾಲಿ ಬಿಟ್ಟಿದಾರೆ.”

“ನಮ್ಮನೇಲಿ ದಿ. ಬರೆಯೋ ಜನ ಯಾರೂ ಇಲ್ಲ,” ಎಂದ ಮಲ್ಲಿಕ್. ಕೋಪದ ಜೊತೆಗೆ ಈಗ ಅವನ ಮಾತಿನಲ್ಲಿ ಗೊಂದಲವೂ ಇತ್ತು. “ಅಜ್ಜನಿಗೆ, ಅಜ್ಜಿಗೆ, ಎ‌ಲ್ಲರಿಗೂ ಲಿಂ. ಅಂತಾನೇ. ಸಣ್ಣ ಮಕ್ಕಳಿಗೂ ಗೊತ್ತು. ನಮ್ಮೋರು ಕೈತಪ್ಪಿ ಕೂಡ ದಿ. ಬರೆಯಲ್ಲ.”

“ಕಾಂತರಾಜ್?”

“ನಾನು ಯಾವ ಮನೆಗೆ ಯಾವುದು ಅಂತ ಕೇಳ್ದೆ ಅಕ್ಷರ ಜೋಡಿಸಲ್ಲ ಸಾರ್. ಒಂದ್ಸಲ ದಿ. ಹಾಕಿ ಕಾರ್ಡ್ ಪೂರ್ತಿ ವಾಪಸ್ ಬಂದಿತ್ತು, ಅವತ್ತಿಂದ ಕಿವಿ ಹಿಡ್ಕೊಂಡಿದೀನಿ.”

ಶಿವಕುಮಾರ್ ತನುಜಾಳ ಕಡೆ ತಿರುಗಿದರು. “ನಿಮ್ಮನೇಲಿ?”

“ಲಿಂ.” ಎಂದಳು. “ನಮ್ಮಜ್ಜಿ ಫೋಟೋ ಕೆಳಗೆ ನಾನೇ ಬರೆದಿದೀನಿ.”

ಆಗ ನಾಲ್ಕು ಜೋಡಿ ಕಣ್ಣು ಒಂದೇ ಕಡೆ ತಿರುಗಿದವು.

ಗುರುಪ್ರಸಾದ್ ನಕ್ಕರು. ನಗು ಹೊರಗೆ ಬಂದಮೇಲೆ ಎಲ್ಲಿಗೆ ಹೋಗಬೇಕೆಂದು ಅದಕ್ಕೇ ತಿಳಿಯಲಿಲ್ಲ. “ಏನ್ ಸಾರ್ ಇದು? ಊರಲ್ಲಿ ಉಳಿದೋರೆಲ್ಲ ದಿ. ಅಂತಾನೇ ಬರೆಯೋದು. ನೀವೇನು ಬರೀತೀರಿ ನಿಮ್ಮನೇಲಿ?”

“ನಾನೂ ದಿ. ಅಂತಾನೇ,” ಎಂದರು ಶಿವಕುಮಾರ್. “ಆದ್ರೆ ನನಗೆ ಪಾಸ್‌ವರ್ಡ್ ಗೊತ್ತಿಲ್ಲ. ಹುಳುಕೂ ಗೊತ್ತಿರ್ಲಿಲ್ಲ. ಮೊನ್ನೆ ನೀವು ಎಲ್ಲಿದ್ರಿ?”

“ಶಂಕರಘಟ್ಟದಲ್ಲಿ. ಯೂನಿವರ್ಸಿಟೀಲಿ ಕೆಲಸ ಇತ್ತು.”

“ಶಂಕರಘಟ್ಟಕ್ಕೆ ಹೋಗೋಕೆ ಭದ್ರಾವತಿ ಮೇಲೇ ಹೋಗ್ಬೇಕಲ್ವ?”

“ಎಲ್ಲರೂ ಹೋಗ್ತಾರೆ! ದಿನಾ ಬಸ್ ಗಟ್ಟಲೆ ಹೋಗ್ತಾರೆ!” ಗುರುಪ್ರಸಾದ್ ಹಿಂದೆ ಸರಿದರು. ಬೆನ್ನಿಗೆ ಶಟರು ತಗುಲಿತು. ಅದೇ ಹೊತ್ತಿಗೆ ಹೊರಗಿನಿಂದ ಬಿದ್ದ ಗುದ್ದು ನೇರವಾಗಿ ಅವರ ಬೆನ್ನಿಗೇ ಬಿತ್ತು. ಅವರು ಎರಡು ಹೆಜ್ಜೆ ಮುಂದಕ್ಕೆ ಮುಗ್ಗರಿಸಿದರು.

ಈ ಮನುಷ್ಯನಿಂದ ತನುಜಾ ಕೆಲಸ ಕಲಿತಿದ್ದಳು. ಈ ಗಳಿಗೆಯಲ್ಲಿ ಅವರ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ನಿರಾಳ; ಕುತ್ತಿಗೆಯ ಮಟ್ಟದ ಮಣ್ಣು ಎದೆಗಿಳಿದಂಥ ನಿರಾಳ. ಅದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

“ನಡೀರಿ ಸಾರ್,” ಎಂದು ಶಿವಕುಮಾರ್ ಗುರುಪ್ರಸಾದರ ತೋಳಿಗೆ ಕೈ ಹಾಕಿದರು. “ಉಳಿದಿದ್ದು ಸ್ಟೇಷನ್ನಲ್ಲಿ ಮಾತಾಡೋಣ.”

“ಮೇಡಂ,” ಎಂದ ಕಾಂತರಾಜ್. “ಕೀಬೋರ್ಡಿಂದ ಕೈ ತೆಗೀರಿ.”

“ನಾನು ಮುಟ್ಟೇ ಇಲ್ಲ.”

“ಮತ್ತೆ ಇದು ಯಾರು?”

ಪಕ್ಕದ ಕಿಟಕಿಯಲ್ಲಿ ಮದುವೆ ಕಾರ್ಡು ಇನ್ನೂ ತೆರೆದೇ ಇತ್ತು. ಅದನ್ನು ಯಾರೇ ತೆರೆದರೂ ಅವರ ಪಾಲಿಗೆ ಕರ್ಸರ್ ಎಂಬ ಒಂದು ಬಣ್ಣದ ಕಡ್ಡಿ ಬರುತ್ತದೆ, ಕಡ್ಡಿಯ ತಲೆಯ ಮೇಲೆ ಅವರ ಹೆಸರು ಕೂರುತ್ತದೆ. ತನುಜಾಳದು ಹಸಿರು, ಅದು ಅವಳು ಬಿಟ್ಟ ಜಾಗದಲ್ಲೇ ಮಿಣುಕುತ್ತಿತ್ತು. ಈಗ ಕಾರ್ಡಿನ ಕೆಳಗಿನಿಂದ ಇನ್ನೊಂದು ಕಡ್ಡಿ, ಕಿತ್ತಳೆ ಬಣ್ಣದ್ದು, ಸಾಲು ಸಾಲಾಗಿ ಮೇಲೆ ಹತ್ತಿ ಬರುತ್ತಿತ್ತು. ಅದರ ತಲೆಯ ಮೇಲೆ ಹೆಸರಿರಲಿಲ್ಲ.

“ಎಲ್ಲರೂ ಕೈ ಎತ್ತಿ,” ಎಂದರು ಶಿವಕುಮಾರ್.

ಕಾಂತರಾಜ್ ಎರಡೂ ಕೈ ಎತ್ತಿದ. ಮಲ್ಲಿಕ್ ಎತ್ತಿದ. ಗುರುಪ್ರಸಾದರ ಒಂದು ಕೈ ಪೊಲೀಸರ ಹಿಡಿತದಲ್ಲೇ ಇತ್ತು, ಇನ್ನೊಂದನ್ನು ಎತ್ತಿದರು. ತನುಜಾ ಕುರ್ಚಿ ಸಮೇತ ಹಿಂದೆ ಸರಿದು ಕೈ ಎತ್ತಿದಳು.

ಕಿತ್ತಳೆ ಕಡ್ಡಿ ನಿಲ್ಲಲಿಲ್ಲ. ಸುಮನಾಳ ಹೆಸರು ದಾಟಿತು. ವರನ ಹೆಸರು ದಾಟಿತು. ಮೂರನೆಯ ಸಾಲಿಗೆ ಬಂದು, ‘ಶ್ರೀಮತಿ’ ಮತ್ತು ‘ಬಸವರಾಜೇಶ್ವರಿ’ ಎಂಬೆರಡರ ನಡುವೆ ನಿಂತಿತು.

“ಮುಚ್ಚಿಬಿಡ್ಲಾ ಸಾರ್? ಇಲ್ಲಿಂದ ಲಾಕ್ ಮಾಡಬಹುದು,” ಎಂದಳು ತನುಜಾ.

“ಬೇಡ. ನಾವು ನೋಡ್ತಿದೀವಿ ಅಂತ ಗೊತ್ತಾಗಬಾರದು.” ಶಿವಕುಮಾರರ ಧ್ವನಿಯಲ್ಲಿ ಬಸ್ಸಿನ ವೇಳೆ ಹೇಳುವ ನೆಮ್ಮದಿ ಹೋಗಿತ್ತು. “ಮಲ್ಲಿಕ್, ನಿಮ್ಮ ದೊಡ್ಡಮ್ಮನ ಹತ್ರ ಯಾರಿದಾರೆ?”

“ಯಾರೂ... ಎಲ್ಲರೂ ಇಲ್ಲೇ, ಹೊರಗೆ... ಸುಮನಾನೂ ಚಿಕ್ಕಮ್ಮನ ಮನೇಲಿ...” ಮಲ್ಲಿಕ್ ಆಗಲೇ ಫೋನ್ ಒತ್ತುತ್ತಿದ್ದ. ಸ್ಪೀಕರಿಗೆ ಹಾಕಿ ಟೇಬಲ್ಲಿನ ಮೇಲಿಟ್ಟ. ರಿಂಗಾಯಿತು. ಇನ್ನೊಮ್ಮೆ ರಿಂಗಾಯಿತು. ಪರದೆಯಲ್ಲಿ ಕಡ್ಡಿ ಮಿಣುಕುತ್ತ ನಿಂತೇ ಇತ್ತು, ಅದೂ ಆ ರಿಂಗನ್ನು ಕೇಳಿಸಿಕೊಳ್ಳುತ್ತಿರುವಂತೆ.

ಅತ್ತ ಫೋನ್ ಎತ್ತಿದರು.

“ದೊಡ್ಡಮ್ಮಾ? ನಾನು ಮಲ್ಲಿಕ್. ಬಾಗಿಲು ಹಾಕ್ಕೊಂಡಿದೀರಾ?”

ಮಾತಿಲ್ಲ. ಫ್ಯಾನು ತಿರುಗುವ ಸದ್ದು. ಆಮೇಲೆ, ಫೋನಿನ ತೀರ ಹತ್ತಿರದಲ್ಲಿ, ಒಂದು ಸಣ್ಣ ಸಪ್ಪಳ.

ಟಕ್.

ಪರದೆಯ ಮೇಲೆ ‘ಶ್ರೀಮತಿ’ಯ ಗುಡಿಸು ಹೋಗಿ ‘ಶ್ರೀಮತ’ ಆಯಿತು.

ಟಕ್.

‘ಶ್ರೀಮ’.

ತನುಜಾ ಗುರುಪ್ರಸಾದರನ್ನು ನೋಡಿದಳು. ಅವರು ಪರದೆಯನ್ನು ನೋಡುತ್ತಿರಲಿಲ್ಲ. ಟೇಬಲ್ಲಿನ ಮೇಲಿದ್ದ ಫೋನನ್ನು ನೋಡುತ್ತಿದ್ದರು. ಮುಖದಲ್ಲಿ ಭಯವಿತ್ತು. ಆಶ್ಚರ್ಯ ಇರಲಿಲ್ಲ.

“ಶಟರ್ ಎತ್ತಿ!” ಎಂದು ಶಿವಕುಮಾರ್ ಕೂಗಿದರು. ಕಾಂತರಾಜ್ ಓಡಿಹೋಗಿ ಹಿಡಿಗೆ ಜೋತುಬಿದ್ದ. ಶಟರು ಸೊಂಟದ ಮಟ್ಟಕ್ಕೂ ಬರಲಿಲ್ಲ, ಅಲುಗಲೇ ಇಲ್ಲ. ಹೊರಗಿನವರು ಅದಕ್ಕೆ ಆನಿಕೊಂಡು ನಿಂತಿದ್ದರು.

ಟಕ್.

“ದೊಡ್ಡಮ್ಮಾ, ಆ ಕಂಪ್ಯೂಟರ್ ಬಿಡಿ, ಮಾತಾಡಿ!” ಎಂದು ಕಿರುಚಿದ ಮಲ್ಲಿಕ್ ತಟ್ಟನೆ ಸುಮ್ಮನಾದ. ಸುತ್ತ ಇದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಆಮೇಲೆ ಅವನು ಹೇಳಿದ್ದು ಪಿಸುಮಾತಿನಲ್ಲಿ.

“ದೊಡ್ಡಮ್ಮಂಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ.”